ಬೀರುವಿನಿಂದ ಹೊರಬಂದ ಸೂಕ್ಷ್ಮದರ್ಶಕ

ನಮ್ಮ ವಿಜ್ಞಾನದ ಮೇಷ್ಟ್ರ ಬಲಗಣ್ಣಿನ ಸುತ್ತ ಕುಂಕುಮದ ಉಂಗುರ ಮೂಡಿತ್ತು. ಇಡೀ ತರಗತಿ ನಕ್ಕಿತು. ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತ ಅವರೂ ನಕ್ಕರು. ದಿಬ್ಬೂರಹಳ್ಳಿಯ ನಮ್ಮ ಶಾಲೆಗೆ ಸರ್ಕಾರ ಕೊಟ್ಟಿದ್ದ ಸೂಕ್ಷ್ಮದರ್ಶಕ ಆಯುಧಪೂಜೆಗೆ ಮಾತ್ರ ಬೀರುವಿನಿಂದ ಹೊರಬರುತ್ತಿತ್ತು. ಹೆಡ್‌ಮಾಸ್ಟರು ಅದಕ್ಕೆ ಹೂವಿಟ್ಟು, ಕಣ್ಣಿಡುವ ಗಾಜಿನ ಸುತ್ತ ಕುಂಕುಮ ಮೆತ್ತಿ, ಮಂಗಳಾರತಿ ಎತ್ತಿ ಮತ್ತೆ ಬೀಗ ಹಾಕುತ್ತಿದ್ದರು. ಈ ಮೇಷ್ಟ್ರು ಬಂದ ವರ್ಷ ಬೀಗದಕೈ ಕೇಳಿದರು.

"ಒಡೆದುಹೋದ್ರೆ ಯಾರ್ರೀ ಜವಾಬ್ದಾರಿ?" ಎಂದರು ಹೆಡ್‌ಮಾಸ್ಟರು.

"ಒಡೆದರೆ ನಾನೇ ಹೊಣೆ" ಎಂದು ಚೀಟಿ ಬರೆದುಕೊಟ್ಟು ಇವರು ಬೀಗ ತೆಗೆದರು. ತರಗತಿಗೆ ತಂದು ಮೊದಲು ಕಣ್ಣಿಟ್ಟವರೂ ಇವರೇ.

ಐವತ್ತರ ದಶಕದ ಮಾತು. ಮೇಷ್ಟ್ರು ಶಿಡ್ಲಘಟ್ಟದ ಮುಸಲ್ಮಾನರ ಮನೆಯವರು. ಮನೆಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಸುಬು. ಸೈಕಲ್ಲಿನಲ್ಲಿ ಅಷ್ಟು ದೂರದಿಂದ ಬಂದರೂ ಅಂಗಿಯಿಂದ ಗೂಡು ಬೆಂದ ವಾಸನೆ ಹೋಗಿರುತ್ತಿರಲಿಲ್ಲ. ಏನೇ ಪಾಠ ಮಾಡಲಿ, ಕೊನೆಗೆ "ನಾನು ಹೇಳ್ದೆ ಅಂತ ನಂಬಬೇಡ್ರಪ್ಪ, ನೋಡಿ ನಂಬಿ" ಎನ್ನುತ್ತಿದ್ದರು.

ನನಗಾಗ ಹದಿಮೂರು ವರ್ಷ. ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದೆವು. ಮುಟ್ಟಾದವರು ಹುಳುಮನೆಯ ಹೊಸ್ತಿಲು ದಾಟಬಾರದೆಂಬುದು ಕಟ್ಟುನಿಟ್ಟು. ನಾನು ಮುಟ್ಟಾಗಿದ್ದ ಒಂದು ದಿನ ಹಿಪ್ಪುನೇರಳೆ ಸೊಪ್ಪು ಹಾಕಲು ಮನೆಯಲ್ಲಿ ಯಾರೂ ಇರಲಿಲ್ಲ. ಹಸಿದ ಹುಳುಗಳು ತಲೆ ಎತ್ತಿ ಆಡಿಸುತ್ತಿದ್ದವು. ಒಳಗೆ ಹೋಗಿ ಸೊಪ್ಪು ಹರಡಿ ಬಂದೆ. ವಾರದೊಳಗೆ ಹುಳುಗಳ ಮೈಮೇಲೆ ಕರಿಚುಕ್ಕೆ ಎದ್ದು ತಟ್ಟೆಗಟ್ಟಲೆ ಸತ್ತವು. ಅಜ್ಜಿ ನನ್ನ ಬಾಯಿ ಬಿಡಿಸಿದರು.

"ಅಯ್ಯೋ ದೇವುಡಾ, ನೀನೇ ಹೊಸ್ತಿಲು ತುಳಿದ್ಯೇನೇ! ಸ್ಕೂಲಿಗೆ ಕಳಿಸಿದ್ದೇ ತಪ್ಪಾಯ್ತು. ಇನ್ನ ಮನೇಲಿ ಬಿದ್ದಿರು, ಗಂಡು ನೋಡ್ತೀನಿ."

ನಾನೇ ಕೊಂದೆನೆಂದು ನಾನೂ ನಂಬಿದ್ದೆ.

ವಿಷಯ ನನ್ನ ಗೆಳತಿಯಿಂದ ಮೇಷ್ಟ್ರಿಗೆ ತಿಳಿಯಿತು. ಶನಿವಾರ ಬೆಳಗಿನ ತರಗತಿ ಮುಗಿಸಿ, ಸೂಕ್ಷ್ಮದರ್ಶಕವನ್ನು ಟವಲಿನಲ್ಲಿ ಸುತ್ತಿ, ಸೈಕಲ್ಲಿಗೆ ಬಿಗಿದುಕೊಂಡು ನಮ್ಮ ಮನೆಗೇ ಬಂದರು. ಹೆಡ್‌ಮಾಸ್ಟರು ಬೀದಿಯವರೆಗೂ ಕೂಗುತ್ತ ಬಂದಿದ್ದರಂತೆ. ಇವರು ತಿರುಗಿ ನೋಡಲಿಲ್ಲ.

ಬಿಸಿಲು ಬೀಳುತ್ತಿದ್ದ ಜಗಲಿಯ ಮೇಲೆ ಯಂತ್ರವಿಟ್ಟರು. ಸತ್ತ ಹುಳುವೊಂದನ್ನು ಅರೆದು, ಒಂದು ತೊಟ್ಟು ನೀರು ಬೆರೆಸಿ ಗಾಜಿನ ಮೇಲೆ ಹಚ್ಚಿದರು. ಮೊದಲು ನನಗೆ ತೋರಿಸಿದರು. ಮೊಟ್ಟೆಯಾಕಾರದ ಸಣ್ಣ ಸಣ್ಣ ಕಾಳುಗಳು ಬೆಳ್ಳಗೆ ಹೊಳೆಯುತ್ತಿದ್ದವು.

"ಗಂಟುರೋಗ ಕಣಮ್ಮ" ಎಂದರು.

"ಅದು ಬಂದಿದ್ದೇ ಇವಳ ಮೈಲಿಗೆಯಿಂದ" ಎಂದರು ಅಜ್ಜಿ.

ಮೇಷ್ಟ್ರು ವಾದಿಸಲಿಲ್ಲ. "ಅಜ್ಜಿ, ಮೊಟ್ಟೆ ಇಟ್ಟ ಚಿಟ್ಟೆಗಳ್ನ ಎಸೆದುಬಿಟ್ರಾ?" ಎಂದು ಕೇಳಿದರು.

ಅಜ್ಜಿ ತಾವೇ ಚಿಟ್ಟೆ ಬಿಡಿಸಿ ಮೊಟ್ಟೆ ಮಾಡಿಸುತ್ತಿದ್ದರು. ಬೆಳೆ ಕೈಗೆ ಬರುವವರೆಗೆ ತಾಯಿಚಿಟ್ಟೆಗಳನ್ನು ಬಿಸಾಡಬಾರದೆಂಬುದು ಅವರ ನೇಮ. ಒಣಗಿದ ಚಿಟ್ಟೆಗಳ ಬುಟ್ಟಿಯನ್ನು ತಂದಿಟ್ಟರು. ಮೇಷ್ಟ್ರು ಒಂದನ್ನು ಅರೆದು ಇಟ್ಟರು, ಇನ್ನೊಂದನ್ನು ಇಟ್ಟರು. ಎರಡರಲ್ಲೂ ಅದೇ ಕಾಳುಗಳು. ರೋಗ ತಾಯಿಚಿಟ್ಟೆಯಿಂದಲೇ ಮೊಟ್ಟೆಗೆ ಇಳಿದಿತ್ತು. ಅಜ್ಜಿ ಬಹಳ ಹೊತ್ತು ಗಾಜಿನಿಂದ ಕಣ್ಣು ತೆಗೆಯಲಿಲ್ಲ.

"ಇವು ಮೊಟ್ಟೆ ಇಡೋವಾಗ ಹುಡುಗಿ ಒಳಗೆ ಹೋಗಿದ್ಲಾ?" ಎಂದರು ಮೇಷ್ಟ್ರು.

"ಇಲ್ಲ." ಅಜ್ಜಿಯ ದನಿ ಕುಗ್ಗಿತ್ತು. "ಹಂಗಾದ್ರೆ ರೋಗ ಮನೆಗೆ ತಂದೋಳು ನಾನೇನಪ್ಪ?"

"ಯಾರೂ ಬೇಕಂತ ತರಲಿಲ್ಲ ಅಜ್ಜಿ. ಕಣ್ಣಿಗೆ ಕಾಣ್ತಿರ್ಲಿಲ್ಲ, ಅಷ್ಟೇ. ಸೋಮವಾರ ಹುಡುಗೀನ ಕಳಿಸಿ."

ಸೋಮವಾರ ಅಜ್ಜಿಯೇ ನನ್ನ ಜಡೆ ಹೆಣೆದು ಶಾಲೆಗೆ ಕಳಿಸಿದರು.

ಸರ್ಕಾರದ ಸಾಮಾನನ್ನು ಕಂಡವರ ಜಗಲಿಯ ಮೇಲಿಟ್ಟರೆಂದು ಹೆಡ್‌ಮಾಸ್ಟರು ದೂರು ಬರೆದರು. ತಪ್ಪಾಯಿತೆಂದು ಬರೆದುಕೊಟ್ಟಿದ್ದರೆ ಮೇಷ್ಟ್ರು ಅಲ್ಲೇ ಉಳಿಯಬಹುದಿತ್ತು. ಬರೆಯಲಿಲ್ಲ; ಮಂಚೇನಹಳ್ಳಿಗೆ ವರ್ಗವಾಯಿತು. ಹೊರಟ ದಿನ ನಾನು ಅತ್ತಾಗ, "ಕಣ್ಣಾರೆ ನೋಡಿದ್ದನ್ನ ತಪ್ಪು ಅಂತ ಹೆಂಗಮ್ಮ ಬರೀಲಿ?" ಎಂದರು. ಸೂಕ್ಷ್ಮದರ್ಶಕ ಮತ್ತೆ ಬೀರು ಸೇರಿತು. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ಇಲ್ಲ.

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಗೌರಿಬಿದನೂರಿನಲ್ಲಿ ವಿಜ್ಞಾನದ ಟೀಚರಾಗಿ ಎರಡನೇ ವರ್ಷ. ಅಂದು ರಜೆ ಹಾಕಲಿಲ್ಲ. ಅಲ್ಲಿಯ ಶಾಲೆಯ ಸೂಕ್ಷ್ಮದರ್ಶಕವಿದ್ದ ಬೀರುವಿನ ಬೀಗ ತೆಗೆದು ಕಿಟಕಿಯಾಚೆ ಎಸೆದೆ. ಒಂದೇ ವಾರದಲ್ಲಿ ಮಕ್ಕಳು ಒಂದು ಗಾಜು ಒಡೆದರು. ಅಲ್ಲಿನ ಹೆಡ್‌ಮಾಸ್ಟರು ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. ನಾನು ಚೀಟಿ ಬರೆದು ಸಿದ್ಧವಾಗಿಟ್ಟಿದ್ದೆ: "ಒಡೆದರೆ ನಾನೇ ಹೊಣೆ."