ಮೂರಡಿ ಸಂದಿಯ ಸಂಧಿ

ಅರೆಕೆರೆಯ ಚಿಕ್ಕಬೈರಪ್ಪನವರಿಗೆ ಪಾಸ್‌ಪೋರ್ಟ್ ಇರಲಿಲ್ಲ. ವಿದೇಶಾಂಗ ನೀತಿ ಮಾತ್ರ ಇತ್ತು. ಅದು ಪೂರ್ತಿ ಅವರ ಮನೆಗೂ, ತೀರಿಹೋದ ತಮ್ಮನ ಹೆಂಡತಿ ಸೊಣ್ಣಮ್ಮನವರ ಮನೆಗೂ ನಡುವಿನ ಮೂರಡಿ ಸಂದಿಗೆ ಸಂಬಂಧಪಟ್ಟದ್ದು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಅಪ್ಪನ ಹೊಲದಲ್ಲಿ ಈಗ ಇಬ್ಬರೂ ಬೆಳೆಯುವುದು ಬಾಡಿಗೆ ಮನೆಗಳನ್ನು. ಪಾಲಾದಾಗ ಕೊಡಲಿ, ಕುಡುಗೋಲಿನ ತನಕ ಹಂಚಿಕೊಂಡವರು ಸಂದಿ ಯಾರದೆಂದು ತೀರ್ಮಾನಿಸಲು ಮರೆತರು. ಅಲ್ಲಿ ಯಾರೂ ಕಾಲಿಡುತ್ತಿರಲಿಲ್ಲ. ಬೆಕ್ಕೊಂದು ವೀಸಾ ಇಲ್ಲದೆ ಓಡಾಡುತ್ತಿತ್ತು.

ಸಂದಿ ಕತ್ತಲೆಂದು ಬೈರಪ್ಪನವರು ಒಂದು ಬಲ್ಬು ಹಾಕಿಸಿದರು. ನಮ್ಮ ಅಡುಗೆಮನೆ ನೋಡಲಿಕ್ಕೇ ಹಾಕಿಸಿದ್ದು ಎಂದು ಸೊಣ್ಣಮ್ಮ ಕಿಟಕಿಗೆ ತಗಡು ಹೊಡೆಸಿದರು. ತಗಡಿನ ಹಿಂದೆ ಏನೋ ನಡೆಯುತ್ತಿದೆ ಎಂದು ಇವರು ಕ್ಯಾಮೆರಾ ಇಡಿಸಿದರು. ಆ ಕ್ಯಾಮೆರಾದ ಮೇಲೆ ಒಂದು ಕಣ್ಣಿರಲೆಂದು ಅವರೂ ಒಂದು ಇಡಿಸಿದರು. ಅಂದಿನಿಂದ ಎರಡು ಮನೆಗಳಲ್ಲಿ ಮುಖ ಮುಖ ನೋಡಿಕೊಳ್ಳುತ್ತಿದ್ದವು ಆ ಎರಡು ಕ್ಯಾಮೆರಾಗಳು ಮಾತ್ರ.

ಬೈರಪ್ಪನವರ ಮೇಲಿನ ಮನೆಯ ಬಾಡಿಗೆದಾರ ಬಸವಂತ ಮುದ್ದೇಬಿಹಾಳದ ಕಡೆಯವರು. ಜಯನಗರದ ಕಾಲೇಜೊಂದರಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳುತ್ತಾರೆ. ಸಂಜೆ ಕಾಫಿ ಆದ ಮೇಲೆ ಬೈರಪ್ಪನವರು ಅವರ ಖಾಯಂ ವಿದ್ಯಾರ್ಥಿ.

“ದೇಶಗಳ ಮ್ಯಾಲೆ ಯಜಮಾನ ಅಂತ ಯಾರೂ ಇರಂಗಿಲ್ರೀ. ಹಿಂಗಾಗಿ ಒಂದಕ್ಕೊಂದು ಅಂಜತಾವ. ಒಬ್ಬಾಂವ ತನ್ನ ರಕ್ಷಣಾಕ್ಕಂತ ಬಂದೂಕು ತಗೊಂಡ್ರ ಇನ್ನೊಬ್ಬಾಂವ ತೋಪು ತರ್ತಾನ. ಕಡೀಕೆ ಇಬ್ಬರಿಗೂ ಮೊದಲಿಗಿಂತ ಅಂಜಿಕಿ ಜಾಸ್ತಿ. ಭದ್ರತೆಯ ಇಕ್ಕಟ್ಟು ಅಂತೀವಿ.”

“ನಮ್ಮಪ್ಪ ಹೋದ್ಮೇಲೆ ನಮ್ಮನೇಲೂ ಇದೇ ಆಯ್ತಲ್ಲ ಮೇಷ್ಟ್ರೇ! ಔಷಧಿ ಏನಾರ ಬರ್ದವ್ರಾ?”

“ವಾಸ್ತವವಾದಿಗಳು ಬಲ ಸಮ ಇದ್ರ ಸಾಕು ಅಂತಾರ. ಉದಾರವಾದಿಗಳು ಕೊಡೂದು-ತಗೊಳ್ಳೂದು ಬೆಳಸ್ರಿ ಅಂತಾರ.”

“ಮೊದ್ಲು ಕೊಡೋನು ಯಾರು?”

“ಅಲ್ಲೇ ಎಲ್ಲಾ ಕೆಡೂದ್ರೀ.”

ಬೈರಪ್ಪನವರು ಔಷಧಿ ಕೇಳಿದ್ದಕ್ಕೆ ಕಾರಣವಿತ್ತು. ತಾಯಿಯಿಲ್ಲದ ಮಗಳು ರಮ್ಯಳ ಮದುವೆ ಗೊತ್ತಾಗಿತ್ತು. ಅವರ ಮನೆತನದಲ್ಲಿ ದಾಯಾದಿಗಳ ಮನೆಯವರು ಬಂದು ಮೊದಲ ಕಂಬಕ್ಕೆ ಅರಿಶಿನ ಹಚ್ಚದೆ ಚಪ್ಪರ ಏಳುವುದಿಲ್ಲ. ಉಳಿದಿರುವ ದಾಯಾದಿ ಮನೆ ಸೊಣ್ಣಮ್ಮನದೊಂದೇ.

“ಹೋಗಿ ಕರೀರಪ್ಪ. ಚಿಕ್ಕಮ್ಮ ಏನ್ ನುಂಗ್ತಾರಾ?” ಎಂದಳು ರಮ್ಯ.

“ನಾನಾಗಿ ಹೋದ್ರೆ ಸಂದಿ ಬಿಟ್ಕೊಟ್ಟಂಗೆ ಕಣಮ್ಮ.”

“ಹಂಗಾದ್ರೆ ನನ್ನ ಆ ಸಂದಿಗೇ ಧಾರೆ ಎರ್ದುಬಿಡಿ.”

ಬೈರಪ್ಪನವರಿಗೆ ಊಟ ಸೇರದಾಯಿತು. ಅಷ್ಟರಲ್ಲಿ ಸಂಕ್ರಾಂತಿ ಬಂತು. ರಮ್ಯ ಸ್ಟೀಲ್ ಡಬ್ಬಿಯಲ್ಲಿ ಎಳ್ಳುಬೆಲ್ಲ ತುಂಬಿ ಮೇಲಿನ ಮನೆಗೆ ಕೊಟ್ಟಳು. ಬಸವಂತರ ಹೆಂಡತಿ ರಾಜಶ್ರೀ ಊರಿನಿಂದ ಬಂದು ತಿಂಗಳೂ ಆಗಿರಲಿಲ್ಲ. ಓಣಿಯ ಭೂಪಟದ ಅರಿವಿರಲಿಲ್ಲ. ಅವರ ಕಡೆ ಅಂದು ಎಳ್ಳು ಕೊಡದೆ ಯಾರನ್ನೂ ಬಿಡುವುದಿಲ್ಲ. ಖಾಲಿಯಾದ ಅದೇ ಡಬ್ಬಿಗೆ ತಾನು ಸಕ್ಕರೆ ಪಾಕದಲ್ಲಿ ಮಾಡಿದ ಕುಸುರೆಳ್ಳು ತುಂಬಿಕೊಂಡು ನೇರ ಸೊಣ್ಣಮ್ಮನವರ ಮನೆಗೆ ಹೋಗಿ, “ಬಾಜೂ ಮನೀಂದ ಬಂದೇನ್ರೀ ಅಕ್ಕಾರ. ಎಳ್ಳುಬೆಲ್ಲ ತಗೊಂಡು ಎಳ್ಳುಬೆಲ್ಲದಂಗ ಇರೂಣು” ಎಂದು ಡಬ್ಬಿ ಸಮೇತ ಕೊಟ್ಟುಬಂದಳು. ಡಬ್ಬಿಯ ಮೈಮೇಲೆ ದಪ್ಪಕ್ಷರದಲ್ಲಿ ಕೆತ್ತಿತ್ತು: ಚಿಕ್ಕಬೈರಪ್ಪ.

ಸುದ್ದಿ ಕೇಳಿ ಬೈರಪ್ಪನವರು ಮೇಲಿನ ಮನೆಗೆ ಓಡಿದರು. “ಅಯ್ಯೋ, ನನ್ ಹೆಸರೇ ಹೋಯ್ತಲ್ಲಮ್ಮ! ಮೇಷ್ಟ್ರೇ, ಹೋಗಿ ಈಸ್ಕೊಂಡ್ ಬಂದ್ಬಿಡಿ.”

“ಬ್ಯಾಡ್ರೀ ಯಜಮಾನ್ರ. ಹೋದ ರಾಯಭಾರೀನ ತಿರುಗಿ ಕರಸಿದ್ರ ಯುದ್ಧ ಸಾರಿದಂಗ.”

ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಖಾಲಿ ಬಂದರೆ ಸಂಬಂಧವೂ ಖಾಲಿ, ಮದುವೆಗೂ ಕಲ್ಲು. ಆ ದಿನ ಡಬ್ಬಿ ಬರಲಿಲ್ಲ. ಮರುದಿನ ಮಧ್ಯಾಹ್ನ ಫೋನಿನಲ್ಲಿ ಕ್ಯಾಮೆರಾ ನೋಡುತ್ತಿದ್ದ ಬೈರಪ್ಪನವರು ಎದ್ದು ನಿಂತರು. ಸಂದಿಯಲ್ಲಿ ಬೆಕ್ಕಿನ ಬದಲು ಸೊಣ್ಣಮ್ಮ ಬರುತ್ತಿದ್ದರು, ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು. ಸೆರಗೇಕೆಂದರೆ ಅದು ಸುಡುತ್ತಿತ್ತು.

“ಎಳ್ಳು ಕಳಿಸಿದ್ರಲ್ಲ ಬಾವ. ಹಿತಕಿದ ಅವರೆಬೇಳೆ ಸಾರು. ಹುಡುಗೀಗೆ ಇಷ್ಟ ಅಂತ ಮಾಡ್ದೆ.”

‘ನಾನು ಕಳಿಸಿಲ್ಲ’ ಎಂಬ ಮಾತು ಬೈರಪ್ಪನವರ ನಾಲಿಗೆಯ ತುದಿಗೆ ಬಂದಿತ್ತು. ರಮ್ಯ ಅಪ್ಪನ ಕಾಲಿನ ಹೆಬ್ಬೆರಳು ತುಳಿದಳು.

“ಚಪ್ಪರದ ಕಂಬಕ್ಕೆ ಅರಿಶಿನ ಹಚ್ಚಕ್ಕೆ ಬತ್ತೀಯೇನಮ್ಮ?” ಎಂದುಬಿಟ್ಟರು ಬೈರಪ್ಪನವರು.

ಸೊಣ್ಣಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡರು. “ಇಷ್ಟ್ ದಿನ ಬೇಕಾಯ್ತಾ ಕೇಳಕ್ಕೆ? ಬತ್ತೀನಿ. ಆದ್ರೆ ಬಾವ, ಸಂದಿ ವಿಚಾರ ಬೇರೆ. ಮದ್ವೆ ಆಗ್ಲಿ, ಆಮೇಲೆ ಜಗಳ ಆಡಣ.”

“ಆಡಣ, ಆಡಣ. ಏನ್ ಅರ್ಜೆಂಟು?” ಎಂದು ಬೈರಪ್ಪನವರು ಚಾಪೆ ಹಾಸಿ ಕೂತರು. “ರಮ್ಯಾ, ಮುದ್ದೆ ಇಡಮ್ಮ, ದೊಡ್ಡದೇ ಇಡು. ನಿಮ್ಮ ಚಿಕ್ಕಮ್ಮಂಗೂ ಎಲೆ ಹಾಕು.”