ಎರಡು ಮಾರಿ

ಪ್ಲೇಗು ಇಳಿದು, ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದವರೆಲ್ಲ ಮನೆಗೆ ಮರಳಿದ ವರ್ಷ ನನ್ನ ಮದುವೆ ಮಾತು ನಡೆಯಿತು. ನಮ್ಮದು ಕಮತಗಿ, ಗಂಡಿನ ಮನೆ ಬಾದಾಮಿ. ಗಂಡಿನ ತಾಯಿ ಬಂದು ನನ್ನನ್ನು ನೋಡಿದರು. ಹೋಗುವಾಗ ನಾನು ಕಸೂತಿ ಹಾಕಿದ ಇಳಕಲ್ ಸೀರೆಯೊಂದನ್ನು ಮನೆಯವರಿಗೆ ತೋರಿಸುತ್ತೇನೆಂದು ಒಯ್ದರು.

ಮುಂದೆ ನನ್ನ ಸೋದರಮಾವ ಅರಳೆ ಮಾರಲು ಬಾದಾಮಿಗೆ ಹೋದವನು ಅವರ ಮನೆಗೂ ಹೋಗಿ ಬಂದ. ಬಂದವನೇ ಅವ್ವನನ್ನು ಕರೆದು ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಅವನು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಆ ತಾಯಿ ಒಳಗೆ ಯಾರಿಗೋ, "ಕಮತಗಿ ಹುಡುಗೀದು ಎರಡು ಮಾರಿ ಐತಿ ನೋಡು" ಎಂದರಂತೆ.

ಮಾರಿ ಎಂದರೆ ಮುಖ; ಎರಡು ಮುಖ ಅನ್ನುವ ಆ ಮಾತು ನಮ್ಮ ಓಣಿಯಲ್ಲಿ ಬೈಗುಳ. ಎದುರಿಗೆ ನಕ್ಕು, ಬೆನ್ನ ಹಿಂದೆ ಆಡಿಕೊಳ್ಳುವವಳು ಎಂದರ್ಥ. ಅವರೆದುರು ನಾನು ಬಾಯಿ ಬಿಟ್ಟದ್ದೇ ಕಡಿಮೆ. ಯಾವ ಮಾತು ತಪ್ಪಾಯಿತೋ ಎಂದು ಬೀಸುವಾಗ, ನೀರು ಸೇದುವಾಗ ಅದೇ ಯೋಚನೆ. ಈ ಸಂಬಂಧ ಬೇಡವೆಂದು ಹೇಳಿ ಕಳಿಸೋಣ ಎಂದ ಅಪ್ಪ. ಅವ್ವ ಒಪ್ಪಲಿಲ್ಲ. ಅಮಾವಾಸ್ಯೆಗೆ ಎರಡೂ ಮನೆಯವರು ಮಹಾಕೂಟದ ಗುಡಿಗೆ ಬರುವುದಿತ್ತು. ಅಲ್ಲಿ ಕೇಳಿಯೇ ಬಿಡುತ್ತೇನೆ ಎಂದಳು.

ಗುಡಿಯ ಹೊಂಡದ ಮೆಟ್ಟಿಲ ಹತ್ತಿರ ಗಂಡಿನ ತಾಯಿ ಸಿಕ್ಕರು. ಕುಶಲ ಕೇಳುವ ಮೊದಲೇ ಅವ್ವ, "ನನ್ನ ಮಗಳ್ನ ಎರಡು ಮಾರಿಯಾಕಿ ಅಂದ್ರಂತ. ಆಕಿ ಏನ್ ತಪ್ಪು ಮಾಡ್ಯಾಳ್ರಿ?" ಎಂದಳು.

ಅವರಿಗೆ ಮೊದಲು ತಿಳಿಯಲೇ ಇಲ್ಲ. ಆಮೇಲೆ ತಮ್ಮ ಬಟ್ಟೆಗಂಟು ಬಿಚ್ಚಿ, ತಿರುಗಿ ಕೊಡಲೆಂದು ತಂದಿದ್ದ ನನ್ನ ಸೀರೆ ತೆಗೆದು, ಸೆರಗನ್ನು ಮಗುಚಿ ಹಿಡಿದರು. ನವಿಲಿನ ಸಾಲು ಆ ಕಡೆಗೂ ಹಾಗೇ ಇತ್ತು.

"ನಾ ಅಂದದ್ದು ಈ ಕಸೂತಿಗ್ರೀ, ಯಕ್ಕಾ. ಹಿಂದ ಮುಂದ ಎಲ್ಲೂ ಗಂಟಿಲ್ಲ. ಯಾವ ಕಡೆ ನೋಡಿದ್ರೂ ಚೊಲೊ ಕಾಣೂ ಕೆಲಸಕ್ಕ ನಮ್ಮನ್ಯಾಗ ಎರಡು ಮಾರಿ ಅಂತೀವಿ."

ಅವ್ವ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಬೆಳಗಿನಿಂದ ಏನೂ ಬೇಡವೆಂದವಳು ಬುತ್ತಿ ಬಿಚ್ಚಿ, ಅವರಿಗೂ ರೊಟ್ಟಿ ಕೊಟ್ಟು ತಾನೂ ತಿಂದಳು. ಸೋದರಮಾವ ಗಾಡಿಯ ಎತ್ತು ನೋಡಿಕೊಳ್ಳುವ ನೆವದಲ್ಲಿ ದೂರ ಹೋಗಿ ನಿಂತಿದ್ದ. ನನ್ನ ಎದೆ ಹಗುರಾಯಿತು. ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಬಾದಾಮಿಗೆ ಸೊಸೆಯಾಗಿ ಹೋದ ಮೇಲೆ ಆ ಮಾತನ್ನು ನಾನೂ ಅತ್ತೆಯಂತೆಯೇ ಆಡಲು ಕಲಿತೆ. ತವರಿಗೆ ಹೋದಾಗ ಮಾತ್ರ ನಾಲಿಗೆ ಬಿಗಿಹಿಡಿಯುತ್ತಿದ್ದೆ.