ಆ ದಿನ ನನಗೆ ಜ್ವರವಿರಲಿಲ್ಲ

ಬಾಯಮ್ಮನ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಹೊಲಿಗೆ ಮೆಷಿನ್ನಿನ ಸೂಜಿ ಒಮ್ಮೆ ಅದರೊಳಗೇ ಇಳಿದಿತ್ತಂತೆ. ಆ ಬೆರಳಿನಿಂದಲೇ ಬಟ್ಟೆಯನ್ನು ಒತ್ತಿ ಹಿಡಿಯುತ್ತಿದ್ದರು. ಹೊಲಿಗೆ ತಪ್ಪಿದರೆ ಮೆಷಿನ್ ನಿಲ್ಲಿಸಿ, "ಒಂಚೂರ್ ತಡಿ, ಕಾಂಬ" ಎಂದು, ನೋಡೋಣ ಎನ್ನುವ ಹಾಗೆ, ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಕುಂದಾಪುರದ ಕೋಡಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ. ನಾವು ಮೀನುಗಾರರು, ಅವರು ಕ್ರಿಶ್ಚಿಯನ್ನರು. ನಮ್ಮಲ್ಲಿ ಮೀನು ಹೆಚ್ಚಾದರೆ ಬೇಲಿಯಾಚೆ ಹೋಗುತ್ತಿತ್ತು, ಕ್ರಿಸ್ಮಸ್ಸಿನ ತಿಂಡಿ ಈಚೆ ಬರುತ್ತಿತ್ತು.

ಅವರ ಗಂಡ ಬೋಟುಗಳ ಇಂಜಿನ್ ರಿಪೇರಿ ಮಾಡುತ್ತಿದ್ದರು. ದಡದಲ್ಲೇ ಕೆಲಸ. ಕಡಲಿಗೆ ಹೋದವರಲ್ಲ, ಈಜೂ ಬರುತ್ತಿರಲಿಲ್ಲ. ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುವವನು ನಾನು. ಆ ಕೆಲಸ ಕಲಿಸಿದವರೂ ಅವರೇ.

ಒಂದು ದಿನ ಯಡ್ತರೆಯಲ್ಲಿ ವಾಲಿಬಾಲ್ ಪಂದ್ಯವಿತ್ತು. ನನಗೆ ಆಡುವ ಹುಚ್ಚು. ಜ್ವರ ಎಂದು ಬೋಟಿನವರಿಗೆ ಹೇಳಿ ಕಳಿಸಿದೆ. ಆ ವಾರ ಇಂಜಿನ್ ಪದೇ ಪದೇ ಕೈಕೊಡುತ್ತಿದ್ದುದರಿಂದ ಅವರು ನನ್ನ ಬದಲಿಗೆ ಬಾಯಮ್ಮನ ಗಂಡನನ್ನು ಕರೆದುಕೊಂಡು ಹೋದರು. ಬೆಳಿಗ್ಗೆ ಬಾಯಮ್ಮ ಗಂಜಿ ತಂದು, "ಉಂಡ್ಕಂಡ್ ಮನಿಕೋ ಮಗಾ. ನಿನ್ ಬದ್ಲಿಗ್ ಇವ್ರ್ ಹೋಯಿರ್" ಎಂದರು. ಹೊದಿಕೆಯೊಳಗಿಂದಲೇ ಹೂಂಗುಟ್ಟಿದೆ. ಅವರು ಹೋದ ಮೇಲೆ ಗಂಜಿ ಉಂಡು ಯಡ್ತರೆಗೆ ಹೊರಟೆ.

ಸಂಜೆ ಕಡಲಿನಿಂದ ಹಿಂದಿರುಗುವಾಗ ಗಂಗೊಳ್ಳಿಯ ಅಳಿವೆಯಲ್ಲಿ ಬೋಟು ಮಗುಚಿತು. ಉಳಿದವರೆಲ್ಲ ಈಜಿ ದಡ ಸೇರಿದರು.

ಜ್ವರ ನನ್ನ ಜೀವ ಉಳಿಸಿತು ಎಂದು ಊರವರು ಹೇಳಿದರು. ನಾನು ತಲೆಯಾಡಿಸಿದೆ. ಕಡಲಿಗೇ ಹೋಗದವರನ್ನು ಕಡಲು ಯಾಕೆ ತೆಗೆದುಕೊಂಡಿತು ಎಂದು ಕೇಳಿದವರಿಗೆ ಬಾಯಮ್ಮ ಹೇಳುತ್ತಿದ್ದರು: "ನಂಗೂ ಗೊತ್ತಾತಿಲ್ಲ. ದಿನಾ ಇಗರ್ಜಿಯಂಗೆ ಅದ್ನೇ ಕೇಂತೆ. ಯೇಸು ಉತ್ರ ಕೊಡುದಿಲ್ಲ. ಆದ್ರೆ ಹತ್ರ ಕೂಕಂತ."

ಮೊದಲ ವರ್ಷವೆಲ್ಲ ಮೆಷಿನ್ ಮುಂದೆ ಸುಮ್ಮನೆ ಕುಳಿತಿರುತ್ತಿದ್ದರು. ಆಮೇಲೆ ನಿಧಾನಕ್ಕೆ ಹೊಲಿಯತೊಡಗಿದರು, ಹೊಲಿಯುತ್ತ ಪ್ರಾರ್ಥನೆಯ ಹಾಡು ಗುನುಗತೊಡಗಿದರು. ಆ ಮುಖ ತಿಳಿಯಾದಂತೆಲ್ಲ ನನಗೆ ಬೇಲಿಯ ಬಳಿ ನಿಲ್ಲುವುದೇ ಕಷ್ಟವಾಯಿತು.

ಒಂಬತ್ತು ವರ್ಷ ಹೀಗೇ ಕಳೆಯಿತು. ನನಗೆ ಮದುವೆಯಾಗಿ ಮಗಳು ಹುಟ್ಟಿದ್ದಳು. ಅವಳಿಗೆ ಜ್ವರ ಬಂದಾಗ ಬಾಯಮ್ಮ ಮತ್ತೆ ಗಂಜಿ ತಂದರು. ಅಂಗಳದಲ್ಲೇ ನನ್ನ ಬಾಯಿಂದ ಹೊರಬಿತ್ತು.

"ಬಾಯಮ್ಮ, ಅವತ್ತ್ ನಂಗೆ ಜ್ವರ ಇರ್ಲಿಲ್ಲ. ನಾ ಆಡುಕ್ ಹೋದ್ದ್."

ಅವರು ಗಂಜಿಯ ಪಾತ್ರೆಯನ್ನು ಕೊಡದೆ ಹಾಗೇ ತಿರುಗಿ ಹೋದರು.

ಮೂರು ವಾರ ಅವರ ಬಾಗಿಲು ತೆರೆಯಲಿಲ್ಲ. ಇಗರ್ಜಿಗೂ ಹೋಗಲಿಲ್ಲ. ನನ್ನ ಎದೆ ಹಗುರವಾಗಲೆಂದು ಅವರ ನೆಮ್ಮದಿ ಕೆಡಿಸಿದೆ. ಮೊದಲನೆಯ ತಪ್ಪಿಗಿಂತ ಇದೇ ದೊಡ್ಡದೇನೋ ಅನ್ನಿಸುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಬೇಲಿಯಾಚೆಯಿಂದ ಕರೆದರು. ಕಣ್ಣು ಬಾತಿತ್ತು.

"ತಪ್ಪ್ ಮಾಡ್ದರ್ನ ಕ್ಷಮಿಸ್ತೆ ಅಂದೇಳಿ ದಿನಾ ಪ್ರಾರ್ಥನೆಯಂಗೆ ಹೇಳ್ತಿದ್ದೆ. ನಂಗೆ ತಪ್ಪ್ ಮಾಡ್ದರ್ ಯಾರೂ ಇರ್ಲಿಲ್ಲ, ಹಂಗಾಯಿ ಸುಲಭ ಆತಿತ್ತ್. ಈಗ ಆ ಮಾತ್ ಬಂದ್ರೆ ನಿನ್ ಮುಖ ಕಾಂತತ್ತ್. ನೀನೂ ಇಗರ್ಜಿಗ್ ಬಾ. ಹಿಂದೆ ಕೂಕೋ. ನಿನ್ ಎದ್ರ್ ಹೇಳುಕಾತ್ತಾ ಕಾಂಬ."

ಹೋದೆ. ಪ್ರತಿ ಭಾನುವಾರ ಕೊನೆಯ ಬೆಂಚಿನಲ್ಲಿ ಕುಳಿತೆ. ಆ ಸಾಲು ಬಂದಾಗ ಅವರ ತಲೆ ತಗ್ಗುತ್ತಿತ್ತು, ತುಟಿ ಅಲ್ಲಾಡುತ್ತಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಒಂದು ದಿನ ಅವರು ತಿರುಗಿ ನನ್ನನ್ನೇ ನೋಡುತ್ತ ಪೂರ್ತಿ ಹೇಳಿದರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತ, "ಇವತ್ತ್ ಹೇಳ್ದೆ. ನಾಳಿಗೆ ಮತ್ತೆ ಹೇಳ್ಕ್" ಎಂದರು, ದಿನವೂ ಹೇಳಲೇಬೇಕಾದ ಮಾತೆಂಬಂತೆ. ಆ ವಾರ ಮತ್ತೆ ಹಾಡು ಕೇಳಿಸಿತು.

ಕಳೆದ ವರ್ಷ ಬಾಯಮ್ಮ ಬ್ರಹ್ಮಾವರದ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಹೋಗಿದ್ದೆ. ಮುಂಬೈಯಲ್ಲಿರುವ ಅವರ ಮಗಳು ಔಷಧಿ ತರಲು ಕೆಳಗೆ ಹೋಗಿದ್ದಳು. ಬಾಯಮ್ಮ ಮೆಲ್ಲಗೆ, "ಅವ್ಳಿಗೆ ನಾ ಹೇಳ್ಲಿಲ್ಲ. ಅವ್ಳ್ ಅಪ್ಪನ್ ವಿಷ್ಯ. ನೀನೇ ಹೇಳ್ಕ್" ಎಂದರು. ಅದಾಗಿ ನಾಲ್ಕನೇ ದಿನ ತೀರಿಕೊಂಡರು.

ಸಮಾಧಿಯ ಬಳಿ ಅವರ ಮಗಳು ನನ್ನನ್ನು ಮುಂದೆ ಕರೆದು, "ಅಣ್ಣ, ನೀವೂ ಒಂದ್ ಹಿಡಿ ಮಣ್ಣ್ ಹಾಕಿ. ಅಮ್ಮಂಗೆ ನೀವಂದ್ರೆ ಮಗನ್ ಹಾಂಗೆ" ಎಂದಳು. ಹಾಕಿದೆ. ಹೇಳಲಿಲ್ಲ.

ಬರುವ ತಿಂಗಳು ಇಗರ್ಜಿಯಲ್ಲಿ ನಡೆಯುವ ತಾಯಿಯ ವರ್ಷದ ಪೂಜೆಗೆ ಅವಳು ಬರುತ್ತಾಳೆ. ರೈಲ್ವೆ ಸ್ಟೇಷನ್ನಿಗೆ ನಾನೇ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದೇನೆ. ಮನೆ ತಲುಪುವ ಮೊದಲು ದಾರಿಯಲ್ಲೇ ಗಾಡಿ ನಿಲ್ಲಿಸಿ ಹೇಳಬೇಕು.